ಅಣ್ಣನ ಖಾತೆಯಲ್ಲಿ ನನ್ನ ಹೆಸರು

ಲಿಂಗಸುಗೂರಿನ ಬ್ಯಾಂಕಿನ ಮ್ಯಾನೇಜರು ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ, ‘ಇದು ನೀವೇ ಅಲ್ರೀ ಮೇಡಂ?’ ಎಂದು ಕೇಳಿದರು. ನನ್ನ ನೆನಪಿನಲ್ಲಿ ಇರುವುದು ಹೀಗೆ. ಅಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡ ಹೇಳುವ ಪ್ರಕಾರ ಅವರು ಪರದೆ ತಿರುಗಿಸಲೇ ಇಲ್ಲ. ಒಂದು ಹಾಳೆಯನ್ನು ಪ್ರಿಂಟ್ ತೆಗೆದು, ಪೆನ್ನಿನ ತುದಿಯಿಂದ ಒಂದು ಸಾಲು ತೋರಿಸಿದರಂತೆ. ಆ ಸಂಜೆ ಡೈರಿಯಲ್ಲಿ ನಾನು ಬರೆದದ್ದು ಬ್ಯಾಂಕಿನ ಫ್ಯಾನು ಶಬ್ದ ಮಾಡುತ್ತಿತ್ತು ಎಂದು ಮಾತ್ರ. ಹೀಗಾಗಿ ಇಲ್ಲಿ ಬರೆಯುತ್ತಿರುವುದನ್ನು ನಾನೇ ಪೂರ್ತಿ ನಂಬಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮ್ಯಾನೇಜರು ಹೇಳಿದ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲೂ ತಕರಾರಿಲ್ಲ. ‘ನಿಮ್ಮ ಸಂಬಳಕ್ಕ ಮನಿ ಸಾಲ ಕೊಡಾಕ ನಮಗೇನೂ ಅಡ್ಡಿ ಇಲ್ರೀ. ಆದ್ರ ನಿಮ್ಮ ಹೆಸರಿನ್ಯಾಗ ಒಂದು ಸುಸ್ತಿ ತೋರಸಾಕತ್ತೈತಿ. ಜಂಟಿ ಖಾತೆ, ಸಿಂಧನೂರು ಬ್ರಾಂಚು. ಎರಡು ಸಲ ಮೂರು ಮೂರು ತಿಂಗಳ ಮ್ಯಾಲೆ ಬಡ್ಡಿ ಕಟ್ಟಿಲ್ಲ.’

ನಾನು ಲಿಂಗಸುಗೂರಿನ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಸಾಲ, ಬಡ್ಡಿ, ಸುಸ್ತಿ ಇವೆಲ್ಲ ನಾನು ಕರಿಹಲಗೆಯ ಮೇಲೆ ಬರೆದು ಅಳಿಸುವ ಪದಗಳು. ಸಿಂಧನೂರಿನಲ್ಲಿ ನನಗೆ ಯಾವ ಖಾತೆಯೂ ಇಲ್ಲ ಎಂದೆ. ಇದೆ, ಎಂದರು ಅವರು. ಇನ್ನೊಬ್ಬ ಖಾತೆದಾರರ ಹೆಸರು ಓದಿದರು. ಅದು ಮಸ್ಕಿಯಲ್ಲಿ ಗೊಬ್ಬರದ ಅಂಗಡಿ ನಡೆಸುವ ನನ್ನ ಅಣ್ಣನ ಹೆಸರು.

ಹೊರಗೆ ಬಂದ ಮೇಲೆ ನನ್ನ ಗಂಡ ಸ್ಕೂಟರಿನ ಕೀಲಿ ಹುಡುಕುತ್ತಾ, ‘ಊರ ಹುಡುಗ್ರಿಗೆಲ್ಲಾ ಎಕನಾಮಿಕ್ಸ್ ಹೇಳತಿ. ನೀನೇ ಸುಸ್ತಿದಾರಳು ಅಂತ ನಿನಗ ಗೊತ್ತಿಲ್ಲ,’ ಎಂದರು. ನಗುತ್ತಲೇ ಹೇಳಿದರು. ಆದರೆ ಹಟ್ಟಿ ಮುಟ್ಟುವವರೆಗೂ ಸ್ಕೂಟರನ್ನು ಎಂದಿಗಿಂತ ಜೋರಾಗಿ ಓಡಿಸಿದರು.

ಅವರು ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ದಸರಾ ಹೊತ್ತಿಗೆ ನಿವೃತ್ತಿ. ನಿವೃತ್ತಿಯಾದ ಮೇಲೆ ಕಂಪನಿಯ ಕ್ವಾರ್ಟರ್ಸ್ ಬಿಡಬೇಕು. ಮದುವೆಯಾದಂದಿನಿಂದ ನಾವು ಬದುಕಿದ್ದು ಅದೇ ಎರಡು ಕೋಣೆಗಳಲ್ಲಿ. ಇಷ್ಟು ವರ್ಷ ಯಾಕೆ ಒಂದು ಮನೆ ಮಾಡಿಕೊಳ್ಳಲಿಲ್ಲ ಎಂದು ಯಾರಾದರೂ ಕೇಳಿದರೆ ನಮ್ಮಿಬ್ಬರ ಬಳಿಯೂ ಬೇರೆ ಬೇರೆ ಉತ್ತರಗಳಿವೆ, ಒಂದೂ ಚೆನ್ನಾಗಿಲ್ಲ. ಕೊನೆಗೆ ಲಿಂಗಸುಗೂರಿನಲ್ಲಿ ಮುದಗಲ್ ರಸ್ತೆಯ ಕಡೆ ಒಂದು ಮನೆ ಸಿಕ್ಕಿತ್ತು. ಅದರ ಒಡತಿ ನಿವೃತ್ತ ನರ್ಸು. ಮುದಗಲ್ಲಿನಲ್ಲಿರುವ ತಂಗಿಯ ಮನೆಯ ಪಕ್ಕದಲ್ಲೇ ಕಟ್ಟಿಸಿಕೊಂಡು ಇರಬೇಕೆಂದು ಅವರು ಇದನ್ನು ಮಾರುತ್ತಿದ್ದರು. ನಾವು ಮುಂಗಡ ಕೊಟ್ಟು, ನಾಗರ ಪಂಚಮಿಯೊಳಗೆ ಉಳಿದದ್ದನ್ನು ಕೊಡುತ್ತೇವೆಂದು ಕರಾರು ಬರೆದುಕೊಟ್ಟಿದ್ದೆವು. ನಿವೃತ್ತಿಯ ಅಂಚಿನಲ್ಲಿರುವವರಿಗೆ ಬ್ಯಾಂಕು ಅಷ್ಟು ಉದ್ದದ ಸಾಲ ಕೊಡುವುದಿಲ್ಲ. ಆದ್ದರಿಂದ ಎಲ್ಲವೂ ನನ್ನ ಹೆಸರಿನ ಮೇಲೆ ನಿಂತಿತ್ತು.

ಆ ರಾತ್ರಿ ಅವರು ಪಾಳಿಗೆ ಹೋದರು. ನಾನು ಅಪ್ಪ ತೀರಿಕೊಂಡ ವರ್ಷವನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿದೆ. ಗೊಬ್ಬರದ ಅಂಗಡಿ ಅಪ್ಪನದು. ಅಂಗಡಿಯ ಮಾಲಿನ ಮೇಲೆ ಸಿಂಧನೂರಿನ ಬ್ಯಾಂಕಿನಲ್ಲಿ ಅಪ್ಪನಿಗೆ ಒಂದು ಸಾಲದ ಖಾತೆ ಇತ್ತು. ಅಪ್ಪ ಹೋದ ಮೇಲೆ ವಾರಸುದಾರರಿಬ್ಬರೂ ಬನ್ನಿ ಎಂದು ಬ್ಯಾಂಕಿನವರು ಕರೆದಿದ್ದರು. ಹೋಗಿದ್ದೆ. ಖಾತೆ ನಮ್ಮಿಬ್ಬರ ಹೆಸರಿಗೆ ಆಗಿದ್ದು ಆಗಲೇ ಇರಬೇಕು. ಅದಾಗಿ ಕೆಲವು ತಿಂಗಳಿಗೆ ಲಿಂಗಸುಗೂರಿನ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಅಂಗಡಿಯ ಕಟ್ಟಡ, ಅದರ ಹಿಂದಿನ ಮನೆ, ಎರಡರಲ್ಲೂ ನನ್ನ ಪಾಲು ಅಣ್ಣನಿಗೆ. ನಮ್ಮ ಕಡೆ ಹೆಣ್ಣುಮಕ್ಕಳು ಹಾಗೆ ಬರೆದುಕೊಡುವುದು ವಾಡಿಕೆ. ಬರೆದುಕೊಟ್ಟವರಿಗೆ ತವರಿನವರು ಸೀರೆ ಉಡಿಸಿ ಉಡಿ ತುಂಬುತ್ತಾರೆ. ನನಗೂ ತುಂಬಿದರು. ಹಸಿರು ಸೀರೆ.

ಪಾಲು ಬಿಟ್ಟುಕೊಟ್ಟ ಮೇಲೆ ಅಂಗಡಿಯ ಜೊತೆಗಿದ್ದ ಎಲ್ಲವೂ ನನ್ನಿಂದ ಕಳಚಿಕೊಂಡಿತು ಎಂದುಕೊಂಡೆ. ಅಣ್ಣನೂ ಹಾಗೇ ಅಂದುಕೊಂಡಿದ್ದ. ಉಡಿ ತುಂಬಿದ ಹಿರಿಯರಲ್ಲಿ ಒಬ್ಬರಿಗೂ ಬ್ಯಾಂಕಿನ ಖಾತೆ ನೆನಪಾಗಲಿಲ್ಲ. ಕಟ್ಟಡ ಹೋಗಿತ್ತು, ಮನೆ ಹೋಗಿತ್ತು, ಸಾಲ ಮಾತ್ರ ನನ್ನ ಹೆಸರಿನಲ್ಲಿ ಉಳಿದುಕೊಂಡಿತ್ತು.

ಎರಡು ದಿನ ಬಿಟ್ಟು ಕಾಲೇಜಿಗೆ ರಜೆ ಹಾಕಿ ಮಸ್ಕಿಗೆ ಹೋದೆ. ಬಸ್ಸಿನಲ್ಲಿ ಕೂತು, ಅಣ್ಣನಿಗೆ ಏನು ಹೇಳಬೇಕೆಂದು ಒಂದೊಂದೇ ವಾಕ್ಯ ಜೋಡಿಸಿದೆ. ಇಳಿಯುವಷ್ಟರಲ್ಲಿ ಎಲ್ಲವೂ ಮೇಷ್ಟ್ರ ಮಾತಿನಂತೆ ಕೇಳತೊಡಗಿ ಬಿಟ್ಟುಬಿಟ್ಟೆ.

ಅಂಗಡಿಯಲ್ಲಿ ಅಣ್ಣ ಇಬ್ಬರು ರೈತರ ಜೊತೆ ಬೆಂಚಿನ ಮೇಲೆ ಕೂತಿದ್ದ. ಗಲ್ಲಾಪೆಟ್ಟಿಗೆಯ ಹಿಂದೆ ಅತ್ತಿಗೆ. ಮಕ್ಕಳು ದೊಡ್ಡವರಾದ ಮೇಲೆ ಅಂಗಡಿಯ ಲೆಕ್ಕವನ್ನೆಲ್ಲ ನೋಡುವುದು ಅವಳೇ.

‘ಏನು ಮೇಡಮ್ಮೋರು, ಪಂಚಮಿ ಇನ್ನೂ ದೂರ ಐತಿ. ಈಗಲೇ ತವರು ನೆನಪಾತೇನು?’ ಎಂದಳು ಅತ್ತಿಗೆ.

ರೈತರು ಎದ್ದು ಹೋಗುವವರೆಗೆ ಚಹಾ ಕುಡಿದೆ. ಆಮೇಲೆ ಹೇಳಿದೆ. ಅಣ್ಣ ಮೊದಲು ನಕ್ಕ.

‘ಸುಸ್ತಿ? ನಾನೇನು ಸುಸ್ತಿ? ಬ್ಯಾಂಕಿನಂವ ತಪ್ಪು ನೋಡ್ಯಾನ. ನಾ ಒಂದು ಪೈಸಾ ಬಾಕಿ ಇಟ್ಟಿಲ್ಲ ತಂಗಿ. ಸುಗ್ಗಿಗೆ ಪೂರಾ ಕಟ್ಟೀನಿ. ಬಡ್ಡಿ, ಬಡ್ಡಿ ಮ್ಯಾಲೆ ದಂಡ, ಎಲ್ಲಾ.’

‘ಸುಗ್ಗಿಗೆ ಕಟ್ಟೀದಿ. ತಿಂಗಳ ತಿಂಗಳ ಕಟ್ಟಬೇಕಿತ್ತು.’

‘ಎಲ್ಲಿಂದ ಕಟ್ಟಲಿ? ಭತ್ತ ಮಾರಿದ ಮ್ಯಾಲೆ ರೈತರು ನನಗ ಕೊಡ್ತಾರ. ಅವರು ಕೊಟ್ಟ ಮ್ಯಾಲೆ ನಾ ಬ್ಯಾಂಕಿಗೆ ಕೊಡ್ತೀನಿ. ಆ ವರ್ಷ ರೇಟು ಇಲ್ಲ ಅಂತ ಎಲ್ಲರೂ ಭತ್ತ ಮನ್ಯಾಗ ಇಟ್ಟುಕೊಂಡು ಕುಂತ್ರು. ನಾ ಏನು ಮಾಡಲಿ, ಅವರ ಮನಿಗೆ ಹೋಗಿ ಚೀಲ ಎತ್ತಲೇನು?’

ಅವನು ಸುಳ್ಳು ಹೇಳುತ್ತಿರಲಿಲ್ಲ. ಕಾಲುವೆಯ ನೀರಿನ ಈ ಸೀಮೆಯಲ್ಲಿ ಸುಗ್ಗಿ ಬಂದಾಗ ಎಲ್ಲ ಹಿಸಾಬೂ ಆಗುತ್ತದೆ. ಕ್ಷೌರದವನಿಗೆ, ಟ್ರ್ಯಾಕ್ಟರಿನವನಿಗೆ, ಕಿರಾಣಿಯವನಿಗೆ, ಎಲ್ಲರಿಗೂ ಭತ್ತ ಮಾರಿದ ಮೇಲೆ. ತಡವಾದರೆ ಯಾರೂ ತಪ್ಪು ತಿಳಿಯುವುದಿಲ್ಲ, ಕೊಡದಿದ್ದರೆ ಮಾತ್ರ ಮುಖ ತಿರುಗಿಸುತ್ತಾರೆ. ಅಪ್ಪ ಹಾಗೇ ವ್ಯಾಪಾರ ಮಾಡಿದ್ದ. ಪೂರ್ತಿ ಬಾಕಿ ಕಟ್ಟಿದ ದಿನ ಅಣ್ಣ ಬ್ಯಾಂಕಿನವರಿಗೆ ಪೇಢಾ ಒಯ್ದು ಕೊಟ್ಟಿದ್ದನಂತೆ. ಅವರು ತಿಂದು, ಒಳ್ಳೆಯದಾಯಿತು ಅಂದಿದ್ದರಂತೆ. ಆ ಪೇಢಾದ ಮಾತು ಬಂದಾಗ ಅವನ ಧ್ವನಿಯಲ್ಲಿ ನಿಜವಾದ ನೋವಿತ್ತು.

‘ನೋಟೀಸು ಬಂದಿದ್ವೇನು?’ ಎಂದೆ.

‘ಬಂದಿದ್ವು. ಅಂಗಡಿ ಅಡ್ರೆಸ್ಸಿಗೆ ಬರ್ತಾವ. ಸುಗ್ಗಿಗೆ ಕಟ್ಟತೀನಿ ಅಂತ ಫೋನ್ ಮಾಡಿ ಹೇಳಿದ್ದೆ.’

‘ನನಗ್ಯಾಕ ಹೇಳಲಿಲ್ಲ?’

‘ನಿನಗ್ಯಾಕ ಹೇಳಬೇಕು? ನಿಂದೇನೈತಿ ಅದರಾಗ?’

ಹೇಳಿದ ಮೇಲೆ ಅವನಿಗೇ ಆ ಮಾತು ಕೇಳಿಸಿರಬೇಕು. ಅತ್ತಿಗೆ ಗಲ್ಲಾಪೆಟ್ಟಿಗೆಯ ಹಿಂದಿನಿಂದ, ‘ಪ್ರತಿ ವರ್ಷ ಖಾತೆ ರಿನೀವಲ್ ಮಾಡುವಾಗ ನಿಮ್ಮ ಸಹಿ ತರ್ತಿದ್ರಲ್ಲ,’ ಎಂದಳು.

ನನಗೆ ಅಂಥದ್ದು ಯಾವುದೂ ನೆನಪಿಲ್ಲ ಎಂದೆ. ಅಣ್ಣ ಹಟ್ಟಿಗೇ ಬಂದಿದ್ದೆ ಅಂದ. ನಾನು ನಡುಮನೆಯಲ್ಲಿ ಪರೀಕ್ಷೆ ಪೇಪರ್ ತಿದ್ದುತ್ತಾ ಕೂತಿದ್ದೆನಂತೆ, ತಲೆ ಎತ್ತದೆ ಸಹಿ ಮಾಡಿದೆನಂತೆ. ಅತ್ತಿಗೆಯ ಪ್ರಕಾರ ಸಹಿ ಮಾಡಿದ್ದು ಮಸ್ಕಿಯಲ್ಲೇ, ದೀಪಾವಳಿಗೆ ಬಂದಾಗ. ಇಬ್ಬರೂ ಅಷ್ಟು ಖಚಿತವಾಗಿ ಹೇಳಿದರು. ಪೇಪರ್ ತಿದ್ದುತ್ತಿದ್ದ ನನ್ನನ್ನು ಅಣ್ಣನ ಮಾತಿನ ನಂತರ ನಾನೂ ಕಾಣತೊಡಗಿದೆ, ಕೆಂಪು ಪೆನ್ನು ಸಹಿತ. ಅದು ನೆನಪೋ, ಅವನು ಆಗಷ್ಟೇ ಕೊಟ್ಟ ಚಿತ್ರವೋ ಇವತ್ತಿಗೂ ಗೊತ್ತಿಲ್ಲ. ಸೀರೆಯ ಮಾತು ಬಂದಾಗ ಅತ್ತಿಗೆ, ‘ಹಸಿರು ಎಲ್ಲೀದು? ಹಳದಿ. ನಾನೇ ಆರಿಸಿದ್ದು,’ ಎಂದಳು. ಹಟ್ಟಿಗೆ ಹೋಗಿ ಟ್ರಂಕು ತೆಗೆದು ನೋಡಿದೆ. ತವರಿನ ಸೀರೆಗಳು ಎರಡೂ ಬಣ್ಣದವು ಇದ್ದವು.

ಮರುವಾರ ಸಿಂಧನೂರಿಗೆ ಮೂವರೂ ಹೋದೆವು. ಅತ್ತಿಗೆ ಬಟ್ಟೆ ಅಂಗಡಿಗೆ ಹೋಗುವುದಿದೆ ಎಂದು ಜೊತೆಗೆ ಬಂದಳು ಅಂದುಕೊಂಡಿದ್ದೆ. ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿ ಕೂತಿದ್ದ ಅಧಿಕಾರಿ ಹೊಸಬಳು, ಮೈಸೂರು ಕಡೆಯವಳು. ತಾಳ್ಮೆಯಿಂದ ಕೇಳಿದಳು.

‘ಮೇಡಂ, ದಾಖಲೆಯಲ್ಲಿರೋದು ಸುಳ್ಳಾಗಿದ್ರೆ ಅರ್ಜಿ ಕೊಟ್ಟು ತಿದ್ದಿಸಬಹುದಿತ್ತು. ಇದು ಸುಳ್ಳಲ್ಲ. ಆ ತಿಂಗಳುಗಳಲ್ಲಿ ಕಟ್ಟಿಲ್ಲ ಅನ್ನೋದು ನಿಜ. ಆಮೇಲೆ ಕಟ್ಟಿದ್ದಾರೆ ಅನ್ನೋದೂ ನಿಜ, ಅದೂ ಅದರಲ್ಲೇ ಇದೆ.’

‘ನಾನು ಪಾಲು ಬಿಟ್ಟುಕೊಟ್ಟಿದ್ದೇನೆ. ರಿಜಿಸ್ಟರ್ ಆಗಿದೆ.’

‘ಆಸ್ತಿಯ ಪಾಲು ಬಿಟ್ಟಿದ್ದೀರಿ. ಖಾತೆಗೂ ಅದಕ್ಕೂ ಸಂಬಂಧ ಇಲ್ಲ. ಜಂಟಿ ಖಾತೆಯಲ್ಲಿ ಅರ್ಧ ಜವಾಬ್ದಾರಿ ಅಂತ ಇರಲ್ಲ. ಇಬ್ಬರಿಗೂ ಪೂರ್ತಿ ಇರುತ್ತೆ.’

ನನ್ನ ಹೆಸರು ತೆಗೆಯಬೇಕಾದರೆ ಎರಡೇ ದಾರಿ. ಇಡೀ ಸಾಲ ಕಟ್ಟಿ ಖಾತೆ ಮುಚ್ಚುವುದು. ಇಲ್ಲವೇ ಅಂಗಡಿಯ ಕಟ್ಟಡದಲ್ಲಿ ಹಕ್ಕಿರುವ ಇನ್ನೊಬ್ಬರು ನನ್ನ ಬದಲು ಅಣ್ಣನ ಜೊತೆ ಮುಂದೆ ಬಂದು, ಹೊಸ ಖಾತೆ ಮಾಡಿ, ಹಳೆಯದನ್ನು ಅದರಿಂದ ತೀರಿಸುವುದು. ಹೀಗೆ ಮುಚ್ಚಿದರೂ ಹಳೆಯ ತಿಂಗಳುಗಳ ಗುರುತು ಬೇಗ ಹೋಗುವುದಿಲ್ಲ ಎಂದೂ ಅವಳು ಹೇಳಿದಳು. ಆಗ ಅದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಹೆಸರು ತೆಗೆಸಿದರೆ ಮನೆ ಸಿಗುತ್ತದೆ ಎಂದಷ್ಟೇ ತಲೆಯಲ್ಲಿತ್ತು.

ಬ್ಯಾಂಕಿನ ಎದುರಿನ ಹೋಟೆಲಿನಲ್ಲಿ ಕೂತೆವು. ಅಕ್ಕಿ ಗಿರಣಿಗೆ ಹೋಗುವ ಲಾರಿಗಳ ಸದ್ದಿಗೆ ಜೋರಾಗಿ ಮಾತಾಡಬೇಕಾಗಿತ್ತು. ಅದೇ ಒಳ್ಳೆಯದಾಯಿತು, ಜಗಳವಾಡುತ್ತಿದ್ದೇವೆಂದು ಯಾರಿಗೂ ತಿಳಿಯಲಿಲ್ಲ.

‘ಕಟ್ಟಿ ಮುಚ್ಚು ಅಣ್ಣಾ,’ ಎಂದೆ.

‘ಈಗ? ಇನ್ನ ಸ್ವಲ್ಪ ದಿನಕ್ಕ ಕಾಲುವಿಗೆ ನೀರು ಬಿಡ್ತಾರ. ನಾಟಿ ಶುರು ಆಗತೈತಿ. ಇದ್ದ ರೊಕ್ಕ ಎಲ್ಲಾ ಬ್ಯಾಂಕಿಗೆ ಹಾಕಿದ್ರ ಗೊಬ್ಬರ ಎದರಾಗ ತರಲಿ? ಖಾಲಿ ಅಂಗಡ್ಯಾಗ ಕುಂದರಲೇನು?’

‘ನಾ ಎಲ್ಲಿ ಕುಂದರಲಿ? ದಸರಾಕ್ಕ ಕ್ವಾರ್ಟರ್ಸ್ ಬಿಡಬೇಕು.’

‘ಬಾಡಿಗಿ ಮನಿ ಇರಂಗಿಲ್ಲೇನು? ಜಗತ್ತಿನ್ಯಾಗ ಎಲ್ಲರೂ ಸ್ವಂತ ಮನ್ಯಾಗ ಅದಾರೇನು?’

ಅಂಗಡಿ, ಅದರ ಹಿಂದಿನ ಮನೆ ಎರಡೂ ಇರುವ ಮನುಷ್ಯ ಈ ಮಾತು ಹೇಳಿದ ಎಂದು ಆಗ ಅನ್ನಿಸಿತು. ಅದರ ಅರ್ಧ ನನ್ನದಾಗಿತ್ತು ಎಂದೂ. ಬಾಯಿಗೆ ಬಂದದ್ದನ್ನು ನುಂಗಿದೆ. ನುಂಗಿದ್ದು ಒಳ್ಳೆಯತನದಿಂದಲ್ಲ. ಒಮ್ಮೆ ಹೇಳಿಬಿಟ್ಟರೆ ನಾನು ಮನಸ್ಸಿನಿಂದ ಬಿಟ್ಟುಕೊಟ್ಟೆ ಎಂದು ಇಷ್ಟು ವರ್ಷ ನಂಬಿದ್ದು ಸುಳ್ಳಾಗುತ್ತದೆ ಎಂಬ ಹೆದರಿಕೆಯಿಂದ.

ಅಷ್ಟು ಹೊತ್ತು ಉಪ್ಪಿಟ್ಟು ತಿನ್ನುತ್ತಿದ್ದ ಅತ್ತಿಗೆ ತಟ್ಟೆ ಸರಿಸಿದಳು.

‘ಖಾತೆಗೆ ನನ್ನ ಹೆಸರು ಹಾಕ್ರಿ.’

‘ನೀ ಸುಮ್ನಿರು,’ ಎಂದ ಅಣ್ಣ.

‘ಯಾಕ ಸುಮ್ನಿರಲಿ? ದಿನಾ ಅಂಗಡ್ಯಾಗ ಕುಂದರೋಳು ನಾ. ಆದ್ರ ಒಂದು ಮಾತು. ಆ ಮೇಡಂ ಏನಂದ್ಲು, ಕಟ್ಟಡದಾಗ ಹಕ್ಕಿದ್ದೋರು ಬೇಕು ಅಂದ್ಲು. ಅರ್ಧ ಕಟ್ಟಡ ನನ್ನ ಹೆಸರಿಗೆ ಮಾಡ್ರಿ. ಆಮ್ಯಾಲೆ ಸಹಿ ಹಾಕತೀನಿ.’

‘ಗಂಡ ಹೆಂಡತಿ ನಡುವ ಎದಕ ಬರಕೋಬೇಕಲೇ? ನಂದು ಅಂದ್ರ ನಿಂದಲ್ಲೇನು?’

‘ಹಂಗಾರ ಬರದ್ರ ನಿಮಗೇನು ಕಷ್ಟ?’ ಎಂದಳು. ಆಮೇಲೆ ನನ್ನ ಕಡೆ ನೋಡಿದಳು. ‘ಇವರು ನೋಡ್ರಿ, ಪಾಲು ಬಿಟ್ಟು ಸಾಲ ಇಟ್ಟುಕೊಂಡ್ರು. ನನಗ ಅಷ್ಟು ಓದು ಇಲ್ಲ. ಸಾಲ ಬಂದ್ರ ಪಾಲೂ ಬರಬೇಕು.’

ಅವಳು ಇದನ್ನು ನನಗೆ ಚುಚ್ಚಲು ಹೇಳಿದಳೋ ಇಲ್ಲವೋ, ನನಗೆ ಚುಚ್ಚಿತು. ನಾಲ್ಕು ಹೊಲ ಆಚೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು ಎಂದಷ್ಟೇ ಅವಳನ್ನು ಲೆಕ್ಕ ಹಾಕಿದ್ದೆ. ಅಂದು ಅವಳ ಮೇಲೆ ನನಗೆ ಬಂದದ್ದು ಮೆಚ್ಚುಗೆ ಎಂದು ಆಮೇಲೆ ಡೈರಿಯಲ್ಲಿ ಬರೆದಿದ್ದೇನೆ. ಅದು ಪೂರ್ತಿ ನಿಜವಲ್ಲ. ಮೊದಲು ಬಂದದ್ದು ಸಿಟ್ಟು: ನಾನು ಒಂದು ಸೀರೆಗೆ ಬಿಟ್ಟುಕೊಟ್ಟ ಅರ್ಧವನ್ನು ಇವಳು ಉಪ್ಪಿಟ್ಟು ತಿನ್ನುತ್ತಾ ಕೇಳುತ್ತಿದ್ದಾಳೆ.

ಅಣ್ಣ ಎದ್ದು ಬಿಲ್ಲು ಕೊಟ್ಟು ಹೊರಗೆ ನಿಂತ. ಬಸ್ಸಿನಲ್ಲಿ ನಮ್ಮಿಬ್ಬರನ್ನೂ ಬಿಟ್ಟು ಮುಂದಿನ ಸೀಟಿನಲ್ಲಿ ಕೂತ. ಮಸ್ಕಿಯಲ್ಲಿ ಅವರಿಬ್ಬರೂ ಇಳಿಯುವಾಗ ಅತ್ತಿಗೆ ನನ್ನ ಕಿವಿಯ ಹತ್ತಿರ, ‘ಎರಡು ದಿನ ಉಣ್ಣಂಗಿಲ್ಲ, ಮೂರನೇ ದಿನ ಹೂಂ ಅಂತಾರ. ನೀವು ಫೋನ್ ಮಾಡಾಕ ಹೋಗಬ್ಯಾಡ್ರಿ,’ ಎಂದಳು.

ಮೂರನೆಯ ದಿನ ಅಣ್ಣ ಹೂಂ ಅನ್ನಲಿಲ್ಲ. ದಿನಗಳು ಹೋದವು. ನಾನು ಪಾಠ ಮಾಡುತ್ತಾ ನಡುವೆ ಫೋನ್ ನೋಡುತ್ತಿದ್ದೆ. ಅಣ್ಣನದಲ್ಲದ ಕರೆಗಳನ್ನು ಎತ್ತುತ್ತಿರಲಿಲ್ಲ. ಮನೆಯ ಒಡತಿ ಒಮ್ಮೆ ಕರೆ ಮಾಡಿದಾಗ ಕೂಡ ಎತ್ತಲಿಲ್ಲ. ಸಂಜೆ ಕಾಲೇಜು ಬಿಟ್ಟು, ಯಾವ ಕೆಲಸವೂ ಇಲ್ಲದೆ ಆ ಮನೆಯ ಮುಂದೆ ಹಾದು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ. ಗಂಡನಿಗೆ ಹೇಳಿರಲಿಲ್ಲ. ಅವರೂ ಪಾಳಿ ಮುಗಿಸಿ ಸ್ಕೂಟರಿನಲ್ಲಿ ಅತ್ತ ಹೋಗಿಬರುತ್ತಿದ್ದರು ಎಂದು ಎಷ್ಟೋ ದಿನದ ಮೇಲೆ ಗೊತ್ತಾಯಿತು.

ಅಣ್ಣ ಕಡೆಗೂ ಒಪ್ಪಿದ. ಲಿಂಗಸುಗೂರಿನ ಅದೇ ರಿಜಿಸ್ಟ್ರಾರ್ ಕಚೇರಿಯಲ್ಲಿ ಅತ್ತಿಗೆಯ ಹೆಸರಿಗೆ ಅರ್ಧ ಕಟ್ಟಡವಾಯಿತು. ನಾನು ಸಾಕ್ಷಿಯ ಸಹಿ ಹಾಕಿದೆ, ಈ ಸಲ ಪ್ರತಿ ಪುಟ ಓದಿ. ದಸ್ತಾವೇಜಿನ ಬರಹಗಾರ ಗಡಿಯಾರ ನೋಡಿಕೊಂಡು, ‘ಅಕ್ಕಾರು ಪರೀಕ್ಷೆ ಬರಿಯಾಕತ್ತಾರೇನ್ರಿ?’ ಎಂದು ಅಣ್ಣನನ್ನು ಕೇಳಿದ. ಅಣ್ಣ ನಗಲಿಲ್ಲ. ಮುಂದೆ ಸಿಂಧನೂರಿನಲ್ಲಿ ಹೊಸ ಖಾತೆ, ಹಳೆಯದರ ಮುಕ್ತಾಯ, ಬಾಕಿ ಏನೂ ಇಲ್ಲವೆಂಬ ಪತ್ರ. ಆ ಪತ್ರ ಹಿಡಿದು ನಾನು ಲಿಂಗಸುಗೂರಿನ ಮ್ಯಾನೇಜರ ಬಳಿ ಓಡಿದಾಗ ಪಂಚಮಿಗೆ ವಾರವೂ ಉಳಿದಿರಲಿಲ್ಲ.

ಅವರು ಪತ್ರವನ್ನು ಎರಡು ಸಲ ಓದಿದರು. ‘ಚೊಲೊ ಆತು ಮೇಡಂ. ಖಾತೆ ಮುಚ್ಚೈತಿ. ಆದ್ರ ಇದು ನಿಮ್ಮ ದಾಖಲೆದಾಗ ಬರಾಕ ಟೈಮ್ ಬೇಕು. ಬಂದ ಮ್ಯಾಲೂ ಹಳೇ ತಿಂಗಳು ಹಂಗೇ ಕಾಣತಾವ. ಒಂದಿಷ್ಟು ದಿನ ಎಲ್ಲಾ ನೆಟ್ಟಗ ನಡದೈತಿ ಅಂತ ತೋರಿಸಿದ್ರ ಮತ್ತ ಅರ್ಜಿ ಕಳಸಬಹುದು. ಮುಂದಿನ ಸುಗ್ಗಿ ಹೊತ್ತಿಗೆ ಬರ್ರಿ.’

ಅವರೂ ಸುಗ್ಗಿ ಎಂದರು. ನನಗೆ ನಗು ಬಂತು, ತಡೆದುಕೊಂಡೆ.

ಬ್ಯಾಂಕಿನ ಮೆಟ್ಟಿಲ ಮೇಲೇ ನಿಂತು ಮನೆಯ ಒಡತಿಗೆ ಫೋನ್ ಮಾಡಿದೆ. ಸ್ವಲ್ಪ ತಿಂಗಳು ಕಾಯಲು ಆಗುತ್ತದೆಯೇ ಎಂದು ಕೇಳಿದೆ. ಅವರು ಕೂಡಲೇ ಇಲ್ಲ ಎನ್ನಲಿಲ್ಲ. ಮುದಗಲ್ಲಿನಲ್ಲಿ ಗೋಡೆ ಎದ್ದಿದೆ, ಗಾರೆಯವರು ದಿನಾ ಕೇಳುತ್ತಿದ್ದಾರೆ ಎಂದರು. ‘ನೀವು ನನ್ನ ಫೋನ್ ಎತ್ತಲಿಲ್ಲ ನೋಡ್ರಿ ಟೀಚರ್, ಅವತ್ತೇ ತಿಳೀತು ನನಗ,’ ಎಂದರು. ಅಕ್ಕಿ ಗಿರಣಿಯವರೊಬ್ಬರು ಮಗನಿಗಾಗಿ ಕೇಳಿದ್ದಾರಂತೆ. ಮುಂಗಡದಲ್ಲಿ ಅರ್ಧ ವಾಪಸ್ಸು ಕೊಡುತ್ತೇನೆ, ಅರ್ಧ ಕರಾರಿನ ಪ್ರಕಾರ ಇಟ್ಟುಕೊಳ್ಳುತ್ತೇನೆ ಎಂದರು. ತಪ್ಪೇನಿತ್ತು ಅದರಲ್ಲಿ. ಮಾರಿರಿ ಎಂದೆ.

ಗಂಡನಿಗೆ ಹೇಳಿದಾಗ ಅವರು ಬಟ್ಟೆ ಒಣಹಾಕುತ್ತಿದ್ದರು. ‘ನಿನ್ನ ಅಣ್ಣ ಏನಂದ?’ ಎಂದು ಕೇಳಿದರು.

‘ಅವನಿಗೆ ಇನ್ನೂ ಹೇಳಿಲ್ಲ.’

‘ಹೇಳಬ್ಯಾಡ. ಪಂಚಮಿಗೆ ಹೋಗಿ ಉಂಡಿ ತಿಂದು ಬಾ. ಆಮ್ಯಾಲೆ ಹೇಳೋಣು.’

ಹೋಗಲಿಲ್ಲ. ಕಾಲೇಜಿನಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿದೆ. ಅತ್ತಿಗೆ ಶೇಂಗಾ, ಎಳ್ಳಿನ ಉಂಡಿಗಳನ್ನು ಮಸ್ಕಿಯ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದಳು. ಅಣ್ಣ ಈಗ ತಿಂಗಳ ಮೊದಲ ವಾರದಲ್ಲೇ ಬಡ್ಡಿ ಕಟ್ಟುತ್ತಾನೆ. ಅವನು ಕಟ್ಟುವುದಲ್ಲ, ಅವಳು ಕಟ್ಟಿಸುವುದು. ಅವಳು ತಿಂಗಳಿಗೊಮ್ಮೆ ಬಾಕಿ ಕೇಳುತ್ತಾಳೆಂದು ಉದ್ರಿಯ ರೈತರಲ್ಲಿ ಒಂದಿಬ್ಬರು ಬೇರೆ ಅಂಗಡಿ ಹಿಡಿದಿದ್ದಾರಂತೆ. ಅದರ ಬಗ್ಗೆ ಅಣ್ಣ ಫೋನಿನಲ್ಲಿ ಗೊಣಗುತ್ತಾನೆ, ನಾನು ಹೂಂ ಅನ್ನುತ್ತೇನೆ. ಮನೆ ಕೈತಪ್ಪಿದ್ದು ಅವನಿಗೆ ಈಗ ಗೊತ್ತಿದೆ. ಗೊತ್ತಾದ ದಿನ ಏನಂದ ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಏನೂ ಅನ್ನದೆಯೂ ಇದ್ದಿರಬಹುದು.

ದಸರೆಗೆ ಕ್ವಾರ್ಟರ್ಸ್ ಬಿಟ್ಟೆವು. ಲಿಂಗಸುಗೂರಿನಲ್ಲಿ ಬಾಡಿಗೆಯ ಮನೆಯಲ್ಲಿದ್ದೇವೆ. ಗಂಡನಿಗೆ ಪಾಳಿಯ ನಿದ್ದೆ ಇನ್ನೂ ಬಿಟ್ಟಿಲ್ಲ, ಹಗಲು ಮಲಗಿ ರಾತ್ರಿ ಓಡಾಡುತ್ತಾರೆ. ನಾನು ಭಾನುವಾರಗಳಂದು ಮಾರಾಟಕ್ಕಿರುವ ಮನೆಗಳನ್ನು ನೋಡಲು ಹೋಗುತ್ತೇನೆ. ಮೊದಮೊದಲು ಅವರೂ ಬರುತ್ತಿದ್ದರು, ಈಗ ಬರುವುದಿಲ್ಲ. ಮೊನ್ನೆ ನೋಡಿದ ಮನೆಗೆ ಪೂರ್ವಕ್ಕೆ ಕಿಟಕಿಯಿಲ್ಲ, ನೀರಿನ ಟಾಕಿ ಸೋರುತ್ತದೆ, ಅಡುಗೆಮನೆ ಮಾತ್ರ ಅಗಲವಾಗಿದೆ. ಮನೆಯವನು ರೇಟು ಹೇಳಲು ಬಾಯಿ ತೆಗೆದ. ಅವನು ಹೇಳುವ ಮೊದಲೇ, ನೀವು ಸುಗ್ಗಿಯವರೆಗೆ ಕಾಯುತ್ತೀರಾ ಎಂದು ಕೇಳಿದೆ.